ರಿವಾಲ್ವರಿಗೆ ಲೇಸರ್ ಹಾಕಿಸಬೇಕಾ?

ಪ್ರಶ್ನೆ: ಸರ್, ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದವನು. ಅಡಕೆ ವ್ಯಾಪಾರ, ವಯಸ್ಸು 58. ಹಣ ಹಿಡಿದುಕೊಂಡು ಓಡಾಡಬೇಕಾಗುವುದರಿಂದ 12 ವರ್ಷದಿಂದ .32 ರಿವಾಲ್ವರಿನ ಲೈಸನ್ಸ್ ಇದೆ. ದೇವರ ದಯೆಯಿಂದ ಒಮ್ಮೆಯೂ ಉಪಯೋಗಿಸಬೇಕಾಗಿ ಬರಲಿಲ್ಲ. ಈಗ ಚಾಳೀಸು ಬಂದು ಮುಂದಿನ ಸೈಟ್ ಮಸುಕಾಗಿ ಕಾಣುತ್ತದೆ. ದುಬೈಯಲ್ಲಿರುವ ಮಗ ಲೇಸರ್ ಹಾಕಿಸಿ ಅನ್ನುತ್ತಾನೆ. ಕೆಂಪು ಚುಕ್ಕಿ ಬಿದ್ದಲ್ಲಿಗೇ ಗುಂಡು ಹೋಗುತ್ತದಂತೆ, ಹೊರದೇಶದ ಪೊಲೀಸರೆಲ್ಲ ಅದನ್ನೇ ಹಾಕುತ್ತಾರಂತೆ. ನಿಜವಾ? ಹಾಕಿಸುವುದಾದರೆ ಕೆಂಪು ಒಳ್ಳೆಯದಾ, ಹಸಿರಾ?

ಉತ್ತರ: ಅಣ್ಣಾ, ನೀವು ಚಾಳೀಸಿನ ಮಾತು ಬರೆದದ್ದು ಒಳ್ಳೆಯದಾಯಿತು. ಬರೀ ಲೇಸರ್ ಹಾಕಿಸಲಾ ಅಂತ ಕೇಳಿದ್ದರೆ ಬೇಡ ಅಂತ ಎರಡು ಸಾಲು ಬರೆದು ಕಳಿಸುತ್ತಿದ್ದೆ. ಕಣ್ಣಿನ ವಿಷಯ ಬಂದ ಕೂಡಲೇ ಲೆಕ್ಕ ಬೇರೆಯಾಗುತ್ತದೆ. ನಾನು ಕೇಂದ್ರ ಪಡೆಯೊಂದರಲ್ಲಿ 22 ವರ್ಷ ಇದ್ದವನು, ಅದರಲ್ಲಿ ಕೊನೆಯ ಎಂಟು ವರ್ಷ ಹೊಸ ಹುಡುಗರಿಗೆ ಪಿಸ್ತೂಲು ಕಲಿಸುವ ಕೆಲಸ. ಈಗ ಮುಳ್ಳೇರಿಯದ ಹತ್ತಿರ ತೋಟ ನೋಡಿಕೊಂಡಿದ್ದೇನೆ. ನನಗೂ ಚಾಳೀಸು ಬಂದು ವರ್ಷ ಎಂಟಾಯಿತು, ಹಾಗಾಗಿ ನಿಮ್ಮ ಕಷ್ಟ ಚೆನ್ನಾಗಿ ಗೊತ್ತು.

ಮೊದಲು ಮಗನ ಮಾತಿನಲ್ಲಿ ಸರಿ ಇರುವುದನ್ನು ಹೇಳುತ್ತೇನೆ. ಕೋವಿಯ ಹಿಂದಿನ ಕಚ್ಚು, ಮುಂದಿನ ಕಡ್ಡಿ, ಎದುರಿನ ಗುರಿ, ಈ ಮೂರೂ ಒಂದೇ ಗೆರೆಗೆ ಬರಬೇಕು. ಆದರೆ ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡುತ್ತದೆ. ಆದ್ದರಿಂದ ಮುಂದಿನ ಕಡ್ಡಿಯನ್ನು ಸ್ಪಷ್ಟವಾಗಿ ನೋಡು, ಗುರಿ ಸ್ವಲ್ಪ ಮಸುಕಾದರೂ ಪರವಾಗಿಲ್ಲ ಅಂತ ನಾವು ಕಲಿಸುತ್ತೇವೆ. ನಲವತ್ತೈದು ದಾಟಿದವರಿಗೆ ಆ ಕಡ್ಡಿಯೇ ಮಸುಕು. ನಿಮ್ಮದು ಕಾನ್ಪುರದ ಸರಕಾರಿ ಕಾರ್ಖಾನೆಯ .32 ಆಗಿದ್ದರೆ ನಳಿಗೆ ಮೂರು ಇಂಚು, ಎರಡು ಸೈಟುಗಳ ನಡುವೆ ಸುಮಾರು 12 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಮುಂದಿನ ಕಡ್ಡಿ ಬರೀ 1 ಮಿ.ಮೀ. ಆಚೀಚೆ ಆದರೆ 6 ಮೀಟರ್ ದೂರದಲ್ಲಿ ಗುಂಡು 5 ಸೆಂ.ಮೀ. ತಪ್ಪುತ್ತದೆ. ಲೇಸರಿನಲ್ಲಿ ಈ ಕಡ್ಡಿ, ಕಚ್ಚು ಎರಡೂ ಬೇಡ. ಚುಕ್ಕಿ ಗುರಿಯ ಮೇಲೇ ಇರುತ್ತದೆ, ಕಣ್ಣೂ ಅಲ್ಲೇ ಇರುತ್ತದೆ. ಭಯವಾದಾಗ ಯಾರೂ ಕಡ್ಡಿ ನೋಡುವುದಿಲ್ಲ, ಎದುರಿನವನನ್ನೇ ನೋಡುತ್ತಾರೆ. ಕಲಿಸುವವರೆಲ್ಲ ಕಂಡಿರುವ ಸತ್ಯ ಇದು. ಕೈ ಪೂರ್ತಿ ಚಾಚಲು ಆಗದಿದ್ದರೆ, ಒಂದು ಕೈಗೆ ಪೆಟ್ಟಾಗಿದ್ದರೆ, ನೆಲಕ್ಕೆ ಬಿದ್ದಿದ್ದರೆ, ಆಗಲೂ ಲೇಸರ್ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಕೋವಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಲೇಬೇಕು ಅಂತಿಲ್ಲ.

ಚುಕ್ಕಿ ಬಿದ್ದಲ್ಲಿಗೇ ಗುಂಡು ಹೋಗುತ್ತದೆ ಅನ್ನುವುದು ಮಾತ್ರ ಅರ್ಧ ಸತ್ಯ. ಟ್ರಿಗರ್ ಎಳೆಯುವ ಮೊದಲು ನಳಿಗೆ ಎತ್ತ ನೋಡುತ್ತಿತ್ತು ಅಂತ ಚುಕ್ಕಿ ತೋರಿಸುತ್ತದೆ. ಬೆರಳು ಎಳೆಯುವಾಗ ನಳಿಗೆ ಎತ್ತ ತಿರುಗಿತು ಅನ್ನುವುದರ ಮೇಲೆ ಗುಂಡು ಹೋಗುವ ಜಾಗ ನಿಂತಿದೆ. ಕುದುರೆಯನ್ನು, ಅಂದರೆ ತೋಟೆಗೆ ಬಡಿಯುವ ಹಿಂದಿನ ಸುತ್ತಿಗೆಯನ್ನು, ಮೊದಲೇ ಹಿಂದಕ್ಕೆ ಎಳೆಯದೆ ನೇರವಾಗಿ ಹೊಡೆಯುವಾಗ ರಿವಾಲ್ವರಿನ ಟ್ರಿಗರ್ ಉದ್ದ, ಗಟ್ಟಿ. ಹೆದರಿದ ಕೈ ಅದನ್ನು ಒಮ್ಮೆಲೇ ಜಗ್ಗುತ್ತದೆ. ಬಲಗೈಯವರ ಗುಂಡು ಸಾಮಾನ್ಯವಾಗಿ ಎಡಕ್ಕೆ, ಕೆಳಕ್ಕೆ ಹೋಗುತ್ತದೆ.

ಇದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಅಮೆರಿಕದ ನ್ಯೂಯಾರ್ಕ್ ನಗರದ ಪೊಲೀಸರ ಗುಂಡುಗಳಲ್ಲಿ ಎಷ್ಟು ಗುರಿಗೆ ತಾಗಿದವು ಅಂತ ರ‍್ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ 1998ರಿಂದ 2006ರವರೆಗಿನ ಘಟನೆಗಳನ್ನು ನೋಡಿ 2008ರಲ್ಲಿ ವರದಿ ಕೊಟ್ಟಿತು. ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ನೂರಕ್ಕೆ 18 ತಾಗಿದ್ದವು. ಎದುರಿನಿಂದ ಗುಂಡು ಬರದೆ ಇದ್ದಾಗ ನೂರಕ್ಕೆ 30. ತರಬೇತಿ ಆದವರು, ದಿನವೂ ಸೊಂಟಕ್ಕೆ ಪಿಸ್ತೂಲು ಕಟ್ಟುವವರು, ಅವರದ್ದೇ ಈ ಕತೆ. ಅವರ ಗ್ಲಾಕ್ ಪಿಸ್ತೂಲಿಗೂ ನಿಮ್ಮ ರಿವಾಲ್ವರಿನ ಹಾಗೆ ಗಟ್ಟಿ ಟ್ರಿಗರ್, ಸುಮಾರು 12 ಪೌಂಡ್ ಬಲ ಬೇಕಾಗುವಂಥದ್ದು, ಹಾಕಿಸಿದ್ದರು, ಮಾಮೂಲಿ ಗ್ಲಾಕಿಗೆ ಐದೂವರೆ ಪೌಂಡ್ ಸಾಕು. ದೂರ ಜಾಸ್ತಿ ಇದ್ದದ್ದಕ್ಕೆ ತಪ್ಪಿತು ಅನ್ನುವ ಹಾಗೂ ಇಲ್ಲ. ಗುಂಡಿಗೆ ಬಲಿಯಾದ ಅಮೆರಿಕದ ಪೊಲೀಸರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ 5 ಅಡಿಯೊಳಗಿನ ದೂರದಿಂದಲೇ ಸತ್ತವರು ಅಂತ ಎಫ್‌ಬಿಐಯ ಹಲವು ವರ್ಷಗಳ ಲೆಕ್ಕ ಹೇಳುತ್ತದೆ. ನಮ್ಮ ಅಂಗಳದ ತುಳಸಿಕಟ್ಟೆಗೂ ಜಗಲಿಗೂ ಅದಕ್ಕಿಂತ ಜಾಸ್ತಿ ದೂರ ಇರುತ್ತದೆ. ಅಷ್ಟು ಹತ್ತಿರದಲ್ಲಿ ಚುಕ್ಕಿ ಹುಡುಕುವಷ್ಟು ಹೊತ್ತೂ ಸಿಗುವುದಿಲ್ಲ.

ಚುಕ್ಕಿ ಹುಡುಕುವುದು ಅಂದೆನಲ್ಲ, ಅದನ್ನು ನಾನು ಫೈರಿಂಗ್ ರೇಂಜಿನಲ್ಲಿ ಕಣ್ಣಾರೆ ನೋಡಿದ್ದೇನೆ. ಒಂದು ಬ್ಯಾಚಿನ ಹುಡುಗರಿಗೆ ಲೇಸರ್ ಇರುವ ಪಿಸ್ತೂಲು ಕೊಟ್ಟೆವು. ಕೈ ಯಾವಾಗಲೂ ಸ್ವಲ್ಪ ನಡುಗುತ್ತದೆ, ಅದು ಎಲ್ಲರಿಗೂ ಇರುವುದೇ. ಕಬ್ಬಿಣದ ಸೈಟಿನಲ್ಲಿ ಆ ನಡುಕ ಅಷ್ಟು ಕಾಣುವುದಿಲ್ಲ. ಲೇಸರಿನಲ್ಲಿ ಚುಕ್ಕಿ ಗುರಿಯ ಮೇಲೆ ಕುಣಿಯುವುದು ಎದ್ದು ಕಾಣುತ್ತದೆ. ಹುಡುಗರು ಅದು ನಿಲ್ಲಲಿ ಅಂತ ಕಾದರು. ನಿಲ್ಲಲಿಲ್ಲ. ಚುಕ್ಕಿ ನಡುವಿಗೆ ಬಂದ ಕ್ಷಣವೇ ಹಿಡಿಯಬೇಕು ಅಂತ ಟ್ರಿಗರ್ ಜಗ್ಗಿದರು, ಗುಂಡೆಲ್ಲ ಕೆಳಗೆ ಹೋಯಿತು. ಮೊದಲ ದಿನ ಅವರ ಗ್ರೂಪಿಂಗ್, ಅಂದರೆ ಗುಂಡುಗಳು ಎಷ್ಟು ಒತ್ತೊತ್ತಾಗಿ ಬಿದ್ದವು ಅನ್ನುವುದು, ಮಾಮೂಲಿಗಿಂತ ಕೆಟ್ಟದಾಗಿತ್ತು. ಇನ್ನು ಕೆಲವರು ಹೋಲ್ಸ್ಟರಿನಿಂದ ತೆಗೆದ ಕೂಡಲೇ ಚುಕ್ಕಿ ಎಲ್ಲಿ ಅಂತ ಗೋಡೆ, ನೆಲ ಎಲ್ಲ ಹುಡುಕಿದರು, ಅಷ್ಟರಲ್ಲಿ ಎರಡು ಸೆಕೆಂಡ್ ಹೋಯಿತು. ಕೋವಿಯನ್ನು ಮೊದಲು ಮಾಮೂಲಿಯಂತೆ ಗುರಿಗೆ ತಂದು, ಆಮೇಲೆ ಚುಕ್ಕಿಯನ್ನು ನೋಡಬೇಕು. ಇದು ಅಭ್ಯಾಸ ಮಾಡಿದರೆ ಮಾತ್ರ ಬರುವ ವಿದ್ಯೆ, ಮತ್ತು ನಿಮ್ಮ ಹಾಗೆ ವರ್ಷಕ್ಕೆ ಹತ್ತು ತೋಟೆಯೂ ಹಾರಿಸದವರಿಗೆ ಅದು ತನ್ನಿಂದ ತಾನೇ ಬರುವುದಿಲ್ಲ.

ಈಗ ನಮ್ಮ ಊರಿನ ಬೆಳಕು, ಮಳೆ. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಕೆಂಪು ಲೇಸರ್ ರಾತ್ರಿ ಚೆನ್ನಾಗಿಯೇ ಕಾಣುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಗಳಕ್ಕೆ ಇಳಿದು ನೋಡಿ, ಹತ್ತು ಹೆಜ್ಜೆ ಆಚೆಗೆ ಚುಕ್ಕಿ ಹುಡುಕಬೇಕು. ಅದರಲ್ಲೂ ನಮ್ಮಲ್ಲಿ ಗೋಡೆ, ಕಟ್ಟೆ, ನೆಲ ಎಲ್ಲ ಮುರಕಲ್ಲಿನ ಕೆಂಪು. ಕೆಂಪಿನ ಮೇಲೆ ಕೆಂಪು ಚುಕ್ಕಿ ಬಿದ್ದರೆ ಕಣ್ಣಿಗೆ ಬೇಗ ಹಿಡಿಯುವುದಿಲ್ಲ. ತೋಟದ ಕಡೆ ತಿರುಗಿಸಿದರೆ ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಅಲ್ಲೂ ಮಂಕು. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಜಡಿಮಳೆಯಲ್ಲಿ, ತೋಟದ ಮಂಜಿನಲ್ಲಿ ಲೇಸರಿನ ಗೆರೆಯೇ ಉದ್ದಕ್ಕೆ ಕಾಣತೊಡಗುತ್ತದೆ. ಗೆರೆ ನಿಮ್ಮ ಕೈಯಿಂದ ಶುರುವಾಗುತ್ತದೆ, ಅಂದರೆ ನೀವು ಎಲ್ಲಿ ನಿಂತಿದ್ದೀರಿ ಅಂತ ಎದುರಿನವನಿಗೆ ಗೊತ್ತಾಗುತ್ತದೆ. ಮತ್ತೆ ಆಟಿ ತಿಂಗಳಲ್ಲಿ ಕ್ಯಾಮೆರಾ ಲೆನ್ಸಿಗೆ ಬೂಸ್ಟು ಬರುವ ಹಾಗೆ ಲೇಸರಿನ ಸಣ್ಣ ಲೆನ್ಸಿಗೂ ಬರುತ್ತದೆ. ರಿವಾಲ್ವರಿನಲ್ಲಂತೂ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಹೊಗೆ, ಮಸಿ ಪಕ್ಕಕ್ಕೆ ಚಿಮ್ಮುತ್ತದೆ. ಲೆನ್ಸಿಗೆ ಮಸಿ ಕೂತರೆ ಚುಕ್ಕಿ ಚದುರಿ ಕಲೆಯ ಹಾಗೆ ಕಾಣುತ್ತದೆ.

ಇನ್ನು ಹೇಳುವ ವಿಷಯಕ್ಕಾಗಿಯೇ ನಾನು ಇಷ್ಟು ಉದ್ದ ಬರೆಯುತ್ತಿರುವುದು. ಕೆಲವು ವರ್ಷದ ಹಿಂದೆ ಜನವರಿಯಲ್ಲಿ ನಮ್ಮ ಅಂಗಳದಲ್ಲಿ ಅಡಕೆ ಒಣಗಲು ಹರಡಿತ್ತು. ರಾತ್ರಿ ಒಂದು ಗಂಟೆಗೆ ನಾಯಿ ಜೋರಾಗಿ ಬೊಗಳಿತು. ಆ ವರ್ಷ ಅಡಕೆ ಕಳ್ಳರ ಸುದ್ದಿ ಊರಲ್ಲಿ ಬಹಳ ಇತ್ತು. ಕಿಟಕಿಯಿಂದ ನೋಡಿದರೆ ಕತ್ತಲಲ್ಲಿ ಯಾರೋ ಬಗ್ಗಿ ಅಡಕೆ ರಾಶಿಯ ಹತ್ತಿರ ಏನೋ ಎಳೆಯುತ್ತಿದ್ದಾರೆ. ನಾನು ಕೋವಿ ತೆಗೆದುಕೊಂಡೇ ಬಾಗಿಲಿಗೆ ಬಂದೆ. ಎಡಗೈಯಲ್ಲಿ ಟಾರ್ಚು ಇತ್ತು, ಮೊದಲು ಅದನ್ನು ಹಾಕಿದೆ. ಪಕ್ಕದ ಮನೆಯ ಹುಡುಗ. ಅಕಾಲದ ಮಳೆಯ ಹನಿ ಶುರುವಾಗಿತ್ತು, ನಮಗೆ ಎಚ್ಚರ ಆಗಿಲ್ಲ ಅಂತ ಅವನೇ ಓಡಿಬಂದು ನಮ್ಮ ಅಡಕೆಗೆ ಟರ್ಪಾಲು ಎಳೆಯುತ್ತಿದ್ದ. ಆ ದಿನ ನನ್ನ ಕೈಯಲ್ಲಿ ಟಾರ್ಚಿನ ಬದಲು ಲೇಸರ್ ಮಾತ್ರ ಇದ್ದಿದ್ದರೆ? ಕಪ್ಪು ಆಕಾರದ ಮೇಲೆ ಒಂದು ಕೆಂಪು ಚುಕ್ಕಿ ಕಾಣುತ್ತಿತ್ತು, ಅಷ್ಟೇ. ಮುಖ ಕಾಣುತ್ತಿರಲಿಲ್ಲ. ಈಗಲೂ ಆ ಹುಡುಗ ಎದುರು ಸಿಕ್ಕಿ ಮಾತಾಡಿಸಿದಾಗ ನನಗೆ ಆ ರಾತ್ರಿ ನೆನಪಾಗುತ್ತದೆ.

ಆದ್ದರಿಂದ ನಿಮ್ಮ ಹತ್ತಿರ ಒಂದೇ ಸಾಮಾನಿಗೆ ದುಡ್ಡು ಇದೆ ಅಂತಾದರೆ ಒಳ್ಳೆಯ ಟಾರ್ಚು ತೆಗೆದುಕೊಳ್ಳಿ, ಮತ್ತು ಅದನ್ನು ಕೋವಿಗೆ ಕಟ್ಟಬೇಡಿ, ಬೇರೆ ಕೈಯಲ್ಲಿ ಹಿಡಿಯಿರಿ. ಕೋವಿಗೇ ಕಟ್ಟಿದರೆ ಯಾರು ಅಂತ ನೋಡಬೇಕಾದಾಗಲೆಲ್ಲ ಅವರ ಎದೆಗೆ ನಳಿಗೆ ತಿರುಗಿಸಬೇಕಾಗುತ್ತದೆ. ಮಗಳು ನೀರು ಕುಡಿಯಲು ಎದ್ದಿರಬಹುದು ಅಲ್ವಾ?

ಪೊಲೀಸರ ವಿಷಯಕ್ಕೆ ಬರುತ್ತೇನೆ. ಇದು ಹೊಸದೇನಲ್ಲ. 1970ರ ದಶಕದ ಕೊನೆಗೇ ಅಮೆರಿಕದಲ್ಲಿ ಕೋವಿಗೆ ಲೇಸರ್ ಕಟ್ಟಿದ್ದರು. ಆಗಿನದು ಹೀಲಿಯಂ-ನಿಯಾನ್ ಅನಿಲದ ಕೊಳವೆ, ಉರಿಯಲು ಸಾವಿರಾರು ವೋಲ್ಟ್ ಬೇಕು, ಪಿಸ್ತೂಲಿನ ಮೇಲೆ ಇನ್ನೊಂದು ಪಿಸ್ತೂಲು ಕೂರಿಸಿದ ಹಾಗಿತ್ತು. ಆಮೇಲೆ ಲೇಸರ್ ಬೆಳಕು ಕೊಡುವ ಸಣ್ಣ ಡಯೋಡ್ ಬಂತು, ಹಿಡಿಯ ಒಳಗೇ ಲೇಸರ್ ಇಡುವಂತಾಯಿತು. ಕ್ರಿಮ್ಸನ್ ಟ್ರೇಸ್ ಅನ್ನುವ ಕಂಪೆನಿ ಇಂಥ ಹಿಡಿಗಳಿಂದಲೇ ಹೆಸರು ಮಾಡಿತು, ಹಿಡಿಯನ್ನು ಬಿಗಿಯಾಗಿ ಹಿಡಿದರೆ ಸ್ವಿಚ್ಚು ತಾನೇ ಒತ್ತುತ್ತದೆ. ಪೊಲೀಸರಲ್ಲಿ ಇದು ನಿಜಕ್ಕೂ ಬೇಕಾಗುವವರು ಗುಂಡು ತಡೆಯುವ ಗುರಾಣಿ ಹಿಡಿದು ಮುಂದೆ ಹೋಗುವವರು. ಒಂದು ಕೈಯಲ್ಲಿ ಗುರಾಣಿ, ಅದರ ಸಣ್ಣ ಗಾಜಿನ ಕಿಂಡಿಯಿಂದ ನೋಡಬೇಕು, ಪಿಸ್ತೂಲು ಬದಿಯಿಂದ ಹೊರಗೆ. ಸೈಟಿನ ಹಿಂದೆ ಕಣ್ಣು ತರಲು ಸಾಧ್ಯವೇ ಇಲ್ಲ. ಅಶ್ರುವಾಯುವಿನ ಮುಖವಾಡ ಹಾಕಿದವರಿಗೂ ಹಾಗೆಯೇ. ಸೈನ್ಯದವರು ರಾತ್ರಿ ನೋಡುವ ಉಪಕರಣ ಹಾಕಿಕೊಂಡು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಬಳಸುತ್ತಾರೆ, ಅದರ ಬಲವೇ ಬೇರೆ. ಮಾಮೂಲಿ ಪೊಲೀಸರಿಗೆ ತೊಂದರೆ ಏನೆಂದರೆ ನಾಲ್ಕು ಜನ ಒಟ್ಟಿಗೆ ಒಂದು ಕೋಣೆಗೆ ನುಗ್ಗಿದಾಗ ಗೋಡೆಯಲ್ಲಿ ನಾಲ್ಕು ಚುಕ್ಕಿ. ನನ್ನದು ಯಾವುದು? ಒಂದು ಅಭ್ಯಾಸದಲ್ಲಿ ನಮ್ಮ ಇಬ್ಬರು ಹುಡುಗರು ಒಬ್ಬರ ಚುಕ್ಕಿಯನ್ನು ಇನ್ನೊಬ್ಬರು ತಮ್ಮದೆಂದುಕೊಂಡು ಸರಿಪಡಿಸುತ್ತಾ ನಿಂತಿದ್ದರು. ಈಗ ಹೊರದೇಶದ ಪೊಲೀಸರ ಒಲವು ಪಿಸ್ತೂಲಿನ ಮೇಲೆ ಕೂರಿಸುವ ಸಣ್ಣ ಗಾಜಿನ ರೆಡ್ ಡಾಟ್ ಸೈಟಿನ ಕಡೆಗೆ ಜಾಸ್ತಿ ಇದೆ. ಅದರ ಚುಕ್ಕಿ ಗಾಜಿನ ಒಳಗೆ, ಹೊಡೆಯುವವನಿಗೆ ಮಾತ್ರ ಕಾಣುತ್ತದೆ. ನಿಮ್ಮ ಮಗ ನೋಡಿದ ಎಷ್ಟೋ ಚಿತ್ರಗಳಲ್ಲಿ ಇದ್ದದ್ದು ಇದೇ ಇರಬಹುದು, ಹೆಸರು ಒಂದೇ ಥರ ಇರುವುದರಿಂದ ಜನ ಎರಡನ್ನೂ ಬೆರೆಸುತ್ತಾರೆ.

ಎದೆ ಮೇಲೆ ಚುಕ್ಕಿ ಕಂಡರೆ ಕಳ್ಳ ಓಡಿಹೋಗುತ್ತಾನೆ ಅನ್ನುವ ಮಾತೂ ಇದೆ. ಸ್ವಲ್ಪ ಆಧಾರ ಇಲ್ಲದೆ ಇಲ್ಲ. ಇಂಗ್ಲೆಂಡಿನ ಪೊಲೀಸರು ಟೇಸರ್ ಅನ್ನುವ ವಿದ್ಯುತ್ ಪಿಸ್ತೂಲನ್ನು ಹೊರತೆಗೆದಾಗಲೆಲ್ಲ ಬರೆದಿಡಬೇಕು. ಬರೀ ಕೆಂಪು ಚುಕ್ಕಿ ಬಿಟ್ಟದ್ದಕ್ಕೂ ಅಲ್ಲಿ ಬೇರೆಯೇ ಲೆಕ್ಕ ಇದೆ. ಇತ್ತೀಚಿನ ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಸಲದಷ್ಟು ಅದನ್ನು ಹಾರಿಸುವ ಅಗತ್ಯವೇ ಬಂದಿಲ್ಲ. ಆದರೆ ಅಲ್ಲಿ ಸಮವಸ್ತ್ರ ಹಾಕಿದ ಪೊಲೀಸ್ ಇದ್ದಾನೆ, ಗಟ್ಟಿಯಾಗಿ ಎಚ್ಚರಿಕೆ ಕೊಡುತ್ತಾನೆ, ಜೊತೆಗೆ ಇನ್ನೊಬ್ಬ ಇರುತ್ತಾನೆ. ನಿಮ್ಮ ಹಣದ ಚೀಲಕ್ಕೆ ಕೈಹಾಕಿದ ಕುಡುಕ ತನ್ನ ಎದೆ ಕಡೆ ನೋಡುತ್ತಾನಾ? ಹಣೆಯ ಮೇಲಿನ ಚುಕ್ಕಿಯಂತೂ ಅವನಿಗೆ ಕಾಣುವುದೇ ಇಲ್ಲ. ಮತ್ತೆ ನೆನಪಿಡಿ, ಚುಕ್ಕಿ ಬಿಡುವುದು ಅಂದರೆ ಮನುಷ್ಯನಿಗೆ ತುಂಬಿದ ಕೋವಿ ಗುರಿಯಿಡುವುದು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ. ಅದಕ್ಕೆ ಮಿತಿಯೂ ಅಲ್ಲೇ ಇದೆ. ಸುಮ್ನೆ ಹೆದರಿಸಲು ತೋರಿಸಿದೆ ಅಂದರೆ ನೀವೇ ಕೇಸಿನಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನು ನಿಮ್ಮ ರಿವಾಲ್ವರಿನದ್ದೇ ಮಾತು. ಕಾನ್ಪುರದ್ದೇ ಆಗಿದ್ದರೆ ಅದು ವೆಬ್ಲಿ ಅನ್ನುವ ಬ್ರಿಟಿಷ್ ಕಂಪೆನಿಯ ಹಳೆಯ ಮಾದರಿಯದು, ನಡುವಿನಿಂದ ಮಡಚಿ ತೆರೆಯುವುದು. ಲೇಸರ್ ಸಿಕ್ಕಿಸುವ ಪಟ್ಟಿ, ರೈಲ್ ಅನ್ನುತ್ತಾರೆ, ಅದು ಕೆಳಗೆ ಇಲ್ಲ. ಹಿಡಿಯ ಒಳಗಿನ ಲೇಸರುಗಳು ಅಮೆರಿಕದ ರಿವಾಲ್ವರುಗಳ ಅಳತೆಗೆ ಮಾಡಿದವು, ಇದಕ್ಕೆ ಕೂರುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಕ್ಲಾಂಪನ್ನು ನಳಿಗೆಯ ಕೆಳಗೆ ಬಿಗಿದರೆ ತೋಟೆ ತುಂಬಲು ಮಡಚುವಾಗ ಅಡ್ಡ ಬರುತ್ತದೆ. ಪೌಚಿನೊಳಗೆ ಹೋಗುವುದಿಲ್ಲ. ಒಂದೆರಡು ತೋಟೆ ಹಾರಿಸಿದರೆ ಅಲುಗುತ್ತದೆ. 5 ಸೆಂ.ಮೀ. ಉದ್ದದ ಕ್ಲಾಂಪು 0.1 ಮಿ.ಮೀ. ಓರೆಯಾದರೆ, ಅಂದರೆ ಒಂದು ಕಾಗದದಷ್ಟು, 10 ಮೀಟರಿನಲ್ಲಿ 2 ಸೆಂ.ಮೀ. ವ್ಯತ್ಯಾಸ. ಚುಕ್ಕಿ ಮಾತ್ರ ಮೊದಲಿನಷ್ಟೇ ಧೈರ್ಯ ಕೊಡುತ್ತಾ ಹೊಳೆಯುತ್ತಿರುತ್ತದೆ. ದಯವಿಟ್ಟು ಲೇತ್ ಅಂಗಡಿಯಲ್ಲಿ ತೂತು ಕೊರೆಸಬೇಡಿ. ಲೈಸನ್ಸಿನ ಕೋವಿಗೆ ಕೈಹಾಕಲು ಲೈಸನ್ಸ್ ಇರುವ ಕೋವಿ ಅಂಗಡಿಯವನೇ ಆಗಬೇಕು. ಏನನ್ನಾದರೂ ಕಟ್ಟುವ ಮೊದಲು ಕಾಸರಗೋಡಿನ ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಲೈಸನ್ಸ್ ನೋಡುವ ವಿಭಾಗಕ್ಕೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರುತ್ತೇವಲ್ಲ, ಆಗ ಅದರಲ್ಲಿ ಲೇಸರ್ ಇದ್ದರೆ ಬ್ಯಾಟರಿ ಒಳಗೇ ಸೋರಿ ಹಾಳಾಗುವುದೂ ಉಂಟು. ವಾಪಸು ತಂದ ಮೇಲೆ ಮತ್ತೆ ಝೀರೋ ಮಾಡಬೇಕು, ಅಂದರೆ ತೋಟೆ ಹಾರಿಸಿ ನೋಡಿ ಚುಕ್ಕಿಯನ್ನು ಗುಂಡು ಬೀಳುವಲ್ಲಿಗೆ ಸರಿಹೊಂದಿಸಬೇಕು, ಅದಕ್ಕೆ ಜಾಗ ಎಲ್ಲಿದೆ, ತೋಟೆ ಎಲ್ಲಿದೆ?

ಕೆಂಪಾ ಹಸಿರಾ ಅಂದರೆ ಹಸಿರು ಜಾಸ್ತಿ ಕಾಣುತ್ತದೆ. ನಮ್ಮ ಕಣ್ಣು ಹಗಲಲ್ಲಿ 555 ನ್ಯಾನೊಮೀಟರಿನ ಹಸಿರಿಗೆ ಎಲ್ಲಕ್ಕಿಂತ ಚುರುಕು. ಅಷ್ಟೇ ಶಕ್ತಿಯ 532ರ ಹಸಿರು ಲೇಸರ್ 650ರ ಕೆಂಪಿಗಿಂತ ಸುಮಾರು ಎಂಟು ಪಟ್ಟು ಪ್ರಕಾಶವಾಗಿ ಕಾಣುತ್ತದೆ. ಆದರೆ ಅಗ್ಗದ ಹಸಿರು ಲೇಸರಿನಲ್ಲಿ ಅಪಾಯ ಇದೆ. ಅದು ಮೊದಲು ಇನ್‌ಫ್ರಾರೆಡ್ ಕಿರಣ ಮಾಡಿ ಆಮೇಲೆ ಹಸಿರಿಗೆ ಬದಲಿಸುತ್ತದೆ. ಒಳಗಿನ ಸೋಸುವ ಗಾಜು ಇಲ್ಲದಿದ್ದರೆ ಇನ್‌ಫ್ರಾರೆಡ್ ಹಾಗೆಯೇ ಹೊರಗೆ ಬರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. 2010ರಲ್ಲಿ ಅಮೆರಿಕದ ನಿಸ್ಟ್ ಅನ್ನುವ ಸರಕಾರಿ ಪ್ರಯೋಗಾಲಯ ಅಗ್ಗದ ಒಂದು ಹಸಿರು ಪಾಯಿಂಟರಿನಲ್ಲಿ ಹಸಿರಿಗಿಂತ ಇನ್‌ಫ್ರಾರೆಡ್ಡೇ ಜಾಸ್ತಿ ಬರುತ್ತಿದ್ದದ್ದನ್ನು ಕಂಡಿತ್ತು. ಮನೆಯಲ್ಲಿ ಮೊಮ್ಮಕ್ಕಳು, ಗೋಡೆಯಲ್ಲಿ ಕನ್ನಡಿ, ಸ್ಟೀಲ್ ಪಾತ್ರೆ ಇರುವಲ್ಲಿ ಅಂಥದ್ದು ಬೇಡವೇ ಬೇಡ. 5 ಮಿಲಿವ್ಯಾಟಿಗಿಂತ ಕಮ್ಮಿ ಅಂತ ಸರಿಯಾಗಿ ಅಚ್ಚು ಹಾಕಿದ್ದು ಮಾತ್ರ ಮನೆಗೆ ತನ್ನಿ.

ಹಾಗಾದರೆ ನಿಮ್ಮ ಕಣ್ಣಿಗೆ ದಾರಿ ಏನು? ಕನ್ನಡಕದ ಅಂಗಡಿಗೆ ಹೋಗಿ, ಕೈ ಚಾಚಿದ ಅಳತೆ ಒಂದು ಟೇಪಿನಲ್ಲಿ ಅಳೆದು ತೆಗೆದುಕೊಂಡು ಹೋಗಿ, 70-80 ಸೆಂ.ಮೀ. ಇರುತ್ತದೆ. ಆ ದೂರ ಸ್ಪಷ್ಟವಾಗಿ ಕಾಣುವ ಗಾಜು ಗುರಿ ಹಿಡಿಯುವ ಕಣ್ಣಿಗೆ ಕೊಡಿ ಅನ್ನಿ. ಓದುವ ಕನ್ನಡಕ ಇದಕ್ಕೆ ಆಗುವುದಿಲ್ಲ, ಅದು ಪುಸ್ತಕದ ದೂರಕ್ಕೆ ಮಾಡಿದ್ದು. ಮುಂದಿನ ಕಡ್ಡಿಯ ತುದಿಗೆ ಒಂದು ಹನಿ ಬಿಳಿ ಪೇಂಟು ಹಚ್ಚಿ. ನಾನು ಇವೆರಡೇ ಮಾಡಿದ್ದು, ಈಗ 10 ಮೀಟರಿನಲ್ಲಿ ತೊಂದರೆ ಇಲ್ಲ.

ಮಗ ಲೇಸರ್ ಕಳಿಸಿಯೇ ಸಿದ್ಧ ಅಂದರೆ ಕೋವಿಗೆ ಕಟ್ಟುವುದರ ಬದಲು ತೋಟೆಯ ಆಕಾರದ ಅಭ್ಯಾಸದ ಲೇಸರ್ ಕಳಿಸಲಿ. ಅದು .32 ಅಳತೆಗೆ ಸರಿ ಇದೆಯಾ ಅಂತ ಮೊದಲು ನೋಡಬೇಕು. ನಿಜವಾದ ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ, ಸಿಲಿಂಡರಿನ ಆರು ಕೋಣೆಗಳನ್ನೂ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಆಮೇಲೆ ಅದನ್ನು ಹಾಕಿ. ದಪ್ಪ ಮುರಕಲ್ಲಿನ ಗೋಡೆಗೆ ಒಂದು ಬಿಳಿ ಕಾಗದ ಅಂಟಿಸಿ, ಐದು ಹೆಜ್ಜೆ ದೂರ ನಿಂತು ದಿನಕ್ಕೆ ಹತ್ತು ಸಲ ನಿಧಾನವಾಗಿ ಟ್ರಿಗರ್ ಎಳೆಯಿರಿ. ಪ್ರತಿ ಸಲ ಎಳೆದಾಗ ಸಿಲಿಂಡರ್ ತಿರುಗುತ್ತದೆ, ಆದ್ದರಿಂದ ಲೇಸರ್ ಇರುವ ಕೋಣೆ ನಳಿಗೆಯ ಎದುರು ಬರುವ ಹಾಗೆ ನೋಡಿಕೊಳ್ಳಿ. ಕುದುರೆ ಬಿದ್ದ ಕ್ಷಣ ಚುಕ್ಕಿ ಮಿಂಚುತ್ತದೆ, ಎಲ್ಲಿ ಮಿಂಚಿತು ಅಂತ ಕಾಗದದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಲೇಸರಿನಿಂದ ನಾನು ಕಂಡ ದೊಡ್ಡ ಲಾಭ ಇದೇ. ಒಂದು ತೋಟೆಯೂ ಖರ್ಚಿಲ್ಲದೆ ಬೆರಳಿನ ತಪ್ಪು ಕಣ್ಣಿಗೆ ಕಾಣುತ್ತದೆ. ರೇಂಜಿನಲ್ಲಿ ಕೆಟ್ಟದಾಗಿ ಹೊಡೆದ ಆ ಹುಡುಗರೂ ಹದಿನೈದು ದಿನ ಹೀಗೆ ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿದ ಮೇಲೆ ಲೇಸರ್ ಬಿಚ್ಚಿಟ್ಟು ಮಾಮೂಲಿ ಸೈಟಿನಲ್ಲೇ ಚೆನ್ನಾಗಿ ಹೊಡೆದರು.

ಒಂದು ತಿಂಗಳು ಮಾಡಿ ಆ ಕಾಗದದ ಫೋಟೊ ಕಳಿಸಿ. ಗುರುತುಗಳು ಎಡಕ್ಕೆ, ಕೆಳಕ್ಕೆ ಇವೆಯಾ ಅಥವಾ ಮೇಲಕ್ಕೆ ಹೋಗಿವೆಯಾ ನೋಡಿ, ಹಿಡಿತದಲ್ಲಿ ಏನು ಬದಲಿಸಬೇಕು ಅಂತ ಆಗ ಹೇಳುತ್ತೇನೆ.